ದೆವ್ವಕ್ಕಷ್ಟೇ ಸಿಟ್ಟು ಬರಬಹುದೇ?

ನಾಗವಲ್ಲಿ ಯಾವ ನಾಡಿನವಳು ಎಂದು ಕೇಳಿದರೆ ಉತ್ತರ ಸಿನಿಮಾದಿಂದ ಸಿನಿಮಾಕ್ಕೆ ಬದಲಾಗುತ್ತದೆ. 1993ರಲ್ಲಿ ಫಾಸಿಲ್ ನಿರ್ದೇಶಿಸಿದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ನಲ್ಲಿ ಅವಳು ತಂಜಾವೂರಿನಿಂದ ಬಂದ ತಮಿಳು ನರ್ತಕಿ. 2004ರಲ್ಲಿ ಪಿ. ವಾಸು ಅದನ್ನು ಕನ್ನಡದಲ್ಲಿ ‘ಆಪ್ತಮಿತ್ರ’ ಮಾಡಿದಾಗ ಅವಳ ಬಾಯಿಗೆ ತೆಲುಗು ಬಂತು. ಮರುವರ್ಷ ಅದೇ ವಾಸು ತಮಿಳಿನಲ್ಲಿ ‘ಚಂದ್ರಮುಖಿ’ ತೆಗೆದರು. ಅಲ್ಲೂ ಅವಳು ತೆಲುಗಿನವಳೇ. 2007ರಲ್ಲಿ ಪ್ರಿಯದರ್ಶನ್ ಹಿಂದಿಗೆ ಒಯ್ದ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳಿ ಮಂಜುಲಿಕಾ ಆದಳು. ಮರ್ಯಾದಸ್ಥ ಮನೆಯ ಸೊಸೆಯ ಮೈಮೇಲೆ ಬರುವವಳು ಪ್ರತಿ ಸಲವೂ ಪರಭಾಷೆಯವಳು, ಕುಣಿದು ಬದುಕುವವಳು, ಮದುವೆಯ ಆಚೆ ಪ್ರೀತಿಸಿದವಳು. ಆ ಸೊಸೆ ಗಂಗಾ ಮೆಲುದನಿಯಲ್ಲಿ ನಮ್ಮ ಭಾಷೆ ಮಾತಾಡುತ್ತಾಳೆ; ಅರಚುವುದು, ಶಪಿಸುವುದು, ಪ್ರಿಯಕರನನ್ನು ಕೂಗಿ ಕರೆಯುವುದೆಲ್ಲ ಬೇರೆಯವರ ಭಾಷೆಯಲ್ಲಿ. ಹೆಣ್ಣಿನ ಆಸೆ ಮತ್ತು ಸಿಟ್ಟು ನಮ್ಮ ಮನೆಯವಲ್ಲ, ಎಲ್ಲಿಂದಲೋ ಬಂದು ಸೇರಿಕೊಂಡವು ಎಂದು ಹೇಳಲು ಇದಕ್ಕಿಂತ ಸಲೀಸಾದ ದಾರಿ ಇರಲಾರದು.

ಆದರೂ ಇಷ್ಟು ವರ್ಷಗಳ ಮೇಲೆ ಜನರ ಬಾಯಲ್ಲಿ ಉಳಿದ ಹೆಸರು ಗಂಗಾಳದ್ದಲ್ಲ, ನಾಗವಲ್ಲಿಯದು. ಶಾಲೆಯ ವಾರ್ಷಿಕೋತ್ಸವದಲ್ಲೋ ಟಿ.ವಿ. ನೃತ್ಯಸ್ಪರ್ಧೆಯಲ್ಲೋ ಕೂದಲು ಬಿಚ್ಚಿ, ಕಣ್ಣ ಸುತ್ತ ಕಾಡಿಗೆ ಹರಡಿಕೊಂಡು ‘ರಾ ರಾ’ ಹಾಡಿಗೆ ಹೆಜ್ಜೆ ಹಾಕುವ ಹುಡುಗಿಯರು ಅವಳನ್ನು ಕಂಡು ಹೆದರಿದವರ ಹಾಗೆ ಕುಣಿಯುವುದಿಲ್ಲ. ಹಬ್ಬಕ್ಕೆ ಹೊಸ ಸೀರೆ ಉಟ್ಟ ಹುಮ್ಮಸ್ಸಿನಲ್ಲಿ ಕುಣಿಯುತ್ತಾರೆ. ಹಾರರ್ ಚಿತ್ರಗಳ ಬಗ್ಗೆ ಸ್ತ್ರೀವಾದಿಗಳು ಅರ್ಧ ಶತಮಾನದಿಂದ ಜಗಳವಾಡುತ್ತಿರುವುದು ಸರಿಸುಮಾರು ಈ ಎರಡು ಸಂಗತಿಗಳ ನಡುವೆಯೇ. ಹೊರಗಿನಿಂದ ನೋಡುವವರು ಸ್ತ್ರೀವಾದಿಗಳೆಲ್ಲ ಸೇರಿ ಈ ಸಿನಿಮಾಗಳನ್ನು ಬಯ್ಯುತ್ತಾರೆ ಎಂದುಕೊಳ್ಳುವುದುಂಟು. ಬಯ್ಯುವವರೂ ಇದ್ದಾರೆ, ಮೆಚ್ಚುವವರೂ ಇದ್ದಾರೆ. ಒಬ್ಬರೇ ಎರಡನ್ನೂ ಮಾಡುವುದೂ ಉಂಟು.

ಮೊದಲು ಆಪಾದನೆ. 1975ರಲ್ಲಿ ಬ್ರಿಟನ್ನಿನ ಲಾರಾ ಮಲ್ವಿ ‘ಸ್ಕ್ರೀನ್’ ಪತ್ರಿಕೆಯಲ್ಲಿ ಬರೆದ ಲೇಖನ ಹಾರರ್ ಬಗ್ಗೆಯೇ ಬರೆದದ್ದಲ್ಲ, ಹಾಲಿವುಡ್ಡಿನ ಕ್ಯಾಮೆರಾ ಬಗ್ಗೆ. ಆ ಕ್ಯಾಮೆರಾ ಗಂಡಿನ ಕಣ್ಣಾಗಿ ಕೆಲಸ ಮಾಡುತ್ತದೆ, ಹೆಣ್ಣು ನೋಡಿಸಿಕೊಳ್ಳಲು ಮಾತ್ರ ಇರುತ್ತಾಳೆ ಎಂಬುದು ಅವರ ವಾದ. ಅವರು ಉದಾಹರಣೆಗೆ ಎಳೆದು ತಂದವರಲ್ಲಿ ಹಿಚ್‌ಕಾಕ್ ಮುಖ್ಯರು. ಹಿಚ್‌ಕಾಕ್ ಅವರ 1960ರ ‘ಸೈಕೋ’ದಲ್ಲಿ ಸ್ನಾನದ ಮನೆಯ ಕೊಲೆ ಪರದೆಯ ಮೇಲೆ ಒಂದು ನಿಮಿಷವೂ ಇಲ್ಲ, ಅದನ್ನು ಚಿತ್ರೀಕರಿಸಲು ಏಳು ದಿನ ಬೇಕಾಯಿತು. ಅದಕ್ಕೂ ಮುಂಚೆ ಕೊಲೆಗಾರ ಗೋಡೆಯ ತೂತಿಗೆ ಕಣ್ಣಿಟ್ಟು, ಕೊಲೆಯಾಗಲಿರುವ ಹೆಣ್ಣು ಬಟ್ಟೆ ಬಿಚ್ಚುವುದನ್ನು ನೋಡುತ್ತಾನೆ, ನಾವೂ ಅದೇ ತೂತಿನಿಂದ ನೋಡುತ್ತೇವೆ. ಎಪ್ಪತ್ತರ ದಶಕದ ಕೊನೆಗೆ, ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಬೇಟೆಯಾಡುವ ಸ್ಲ್ಯಾಷರ್ ಚಿತ್ರಗಳ ಸುಗ್ಗಿ ಶುರುವಾದಾಗ ಈ ತೂತು ಇನ್ನಷ್ಟು ದೊಡ್ಡದಾಯಿತು. ಮುಸುಕುಧಾರಿಯ ಉಸಿರಿನ ಸದ್ದು ಕೇಳಿಸುತ್ತ, ಅವನ ಕಣ್ಣಿನಿಂದಲೇ ಹುಡುಗಿಯನ್ನು ಹಿಂಬಾಲಿಸುವ ಶಾಟು ಒಂದು ಕಸುಬಿನ ಸೂತ್ರವೇ ಆಯಿತು. 1980ರಲ್ಲಿ ಅಮೆರಿಕದ ವಿಮರ್ಶಕ ಜೋಡಿ ಜೀನ್ ಸಿಸ್ಕಲ್ ಮತ್ತು ರೋಜರ್ ಈಬರ್ಟ್ ತಮ್ಮ ಟಿ.ವಿ. ಕಾರ್ಯಕ್ರಮದ ಒಂದು ಇಡೀ ಕಂತನ್ನು ಈ ಚಿತ್ರಗಳನ್ನು ಖಂಡಿಸಲು ಮೀಸಲಿಟ್ಟರು. ಅವರು ಸ್ತ್ರೀವಾದಿ ಸಿದ್ಧಾಂತಿಗಳೇನೂ ಆಗಿರಲಿಲ್ಲ; ಹೆದರಿದ ಹೆಣ್ಣಿನ ಬೆನ್ನು ಹತ್ತುವುದರಲ್ಲಿ ಪ್ರೇಕ್ಷಕ ಕೊಲೆಗಾರನ ಪಾಲುದಾರನಾಗುತ್ತಾನೆ ಎಂಬುದು ಅವರಿಗೂ ಹಿಂಸೆಯಾಗಿತ್ತು.

ಈ ಆಪಾದನೆಯಲ್ಲಿ ಒಂದು ಸಡಿಲು ಕೊಂಡಿ ಇದೆ. ಸ್ಲ್ಯಾಷರ್ ಚಿತ್ರಗಳಲ್ಲಿ ಸಾಯುವವರೆಲ್ಲ ಹುಡುಗಿಯರೇ ಎಂಬ ಮಾತು ಎಣಿಸಿ ನೋಡಿದಾಗ ನಿಲ್ಲಲಿಲ್ಲ. ಫ್ರೆಡ್ ಮಾಲಿಟರ್ ಮತ್ತು ಬ್ಯಾರಿ ಸಪೋಲ್ಸ್ಕಿ ಎಂಬ ಸಂಶೋಧಕರು ಎಂಬತ್ತರ ದಶಕದ 30 ಚಿತ್ರಗಳನ್ನು ದೃಶ್ಯ ದೃಶ್ಯವಾಗಿ ಲೆಕ್ಕ ಹಾಕಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಣ್ಣುಗಳು ಗಂಡಸರಿಗಿಂತ ಹೆಚ್ಚು ಬಲಿಯಾಗುತ್ತಾರೆ ಎಂಬುದು ಕಾಣಲಿಲ್ಲ. ಕಂಡದ್ದು ಬೇರೆ: ಹೆಣ್ಣು ಭಯಪಡುವುದನ್ನು ತೋರಿಸುವ ಹೊತ್ತು ಗಂಡಿನದಕ್ಕಿಂತ ಬಹಳ ಹೆಚ್ಚು. ಗಂಡಸು ಪಟ್ಟನೆ ಸಾಯುತ್ತಾನೆ, ಹೆಣ್ಣು ಓಡುತ್ತಾಳೆ, ಎಡವುತ್ತಾಳೆ, ಅಳುತ್ತಾಳೆ, ಬೀರುವಿನೊಳಗೆ ಬಾಯಿಗೆ ಕೈ ಒತ್ತಿ ಕೂರುತ್ತಾಳೆ. ಟಿಕೆಟ್ಟಿನ ಹಣ ವಸೂಲಾಗುವುದು ಸಾವಿನಿಂದಲ್ಲ, ಆ ಓಟದಿಂದ. ನನ್ನ ಮಟ್ಟಿಗೆ ಇದು ಹೆಣಗಳ ಲೆಕ್ಕಕ್ಕಿಂತ ಗಂಭೀರವಾದ ದೂರು.

ನಮ್ಮ ಕಡೆಯ ದೂರಿನ ಬಣ್ಣ ಸ್ವಲ್ಪ ಬೇರೆ. ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ (1984), ‘ವೀರಾನಾ’ (1988) ಕಾಲದಲ್ಲಿ ಸ್ನಾನ ಮತ್ತು ಸೈತಾನ ಎರಡನ್ನೂ ಒಂದೇ ಟಿಕೆಟ್ಟಿಗೆ ಮಾರುತ್ತಿದ್ದುದನ್ನು ಬಿಡಿ, ಅದರಲ್ಲಿ ಚರ್ಚಿಸುವಂಥದ್ದು ಕಡಿಮೆ. 1979ರ ಕನ್ನಡದ ‘ನಾ ನಿನ್ನ ಬಿಡಲಾರೆ’ ಹೆಚ್ಚು ಕುತೂಹಲದ್ದು. ಅಲ್ಲಿ ಅನಂತ್ ನಾಗ್ ಮೈಮೇಲೆ ಬರುವ ಹೆಣ್ಣುದೆವ್ವದ ಹೆಸರೇ ಕಾಮಿನಿ. ಅವಳಿಗೆ ಎದುರು ನಿಲ್ಲುವವಳು ರಾಘವೇಂದ್ರಸ್ವಾಮಿಗಳ ಭಕ್ತೆಯಾದ ಹೆಂಡತಿ; ಆ ಪಾತ್ರ ನಟಿ ಲಕ್ಷ್ಮಿಯವರದು. ಎರಡೂ ಕಡೆ ಹೆಣ್ಣೇ, ನಡುವೆ ಗಂಡಿನ ದೇಹ. ಬಯಸಿದ ಹೆಣ್ಣು ದೆವ್ವ, ವ್ರತ ಹಿಡಿದ ಹೆಣ್ಣು ದೇವಿ. ಅನಂತ್ ನಾಗ್ ಅಭಿನಯದ ರುಚಿ ಇವತ್ತಿಗೂ ಕೆಟ್ಟಿಲ್ಲ. ಆದರೆ ಇಬ್ಬರು ಹೆಂಗಸರ ನಡುವೆ ಇಷ್ಟು ಸ್ವಚ್ಛವಾಗಿ ಗೆರೆ ಎಳೆದ ಸಿನಿಮಾವನ್ನು ಸ್ತ್ರೀವಾದಿಯೊಬ್ಬಳು ನಗುಮುಖದಿಂದ ನೋಡಬೇಕೆಂದು ಯಾರೂ ನಿರೀಕ್ಷಿಸಲಾಗದು.

ಇದಕ್ಕೆ ‘ಸಿನಿಮಾ ಬರೀ ಸಿನಿಮಾ’ ಎನ್ನುವ ಉತ್ತರ ನಮ್ಮಲ್ಲಿ ಅಷ್ಟು ಸುಲಭಕ್ಕೆ ಒಪ್ಪುವಂಥದ್ದಲ್ಲ. ಗಾಳಿ ಸೋಕಿದೆ ಎಂದು ಹೆಣ್ಣುಮಕ್ಕಳನ್ನು ಬೇವಿನ ಸೊಪ್ಪಿನಿಂದ, ಚಾಟಿಯಿಂದ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಪರದೆಯ ಮೇಲಷ್ಟೇ ನಡೆದದ್ದಲ್ಲ. ಕರ್ನಾಟಕ ವಿಧಾನಮಂಡಲ 2017ರಲ್ಲಿ ಒಪ್ಪಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಮೌಢ್ಯ ಪ್ರತಿಬಂಧಕ ಕಾಯ್ದೆ ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಅಪರಾಧಗಳ ಪಟ್ಟಿಗೆ ಸೇರಿಸಿತು. ಕಾನೂನು ಬೇಕಾಗುವಷ್ಟು ಅದು ಇತ್ತು ಎಂದೇ ಅರ್ಥ. ಮಂತ್ರವಾದಿ ಹೊಡೆದ, ದೆವ್ವ ಬಿಟ್ಟಿತು, ಸೊಸೆ ನಕ್ಕಳು ಎಂದು ಮುಗಿಸುವ ಸಿನಿಮಾ ಇಂಥ ಸಮಾಜದಲ್ಲಿ ಬರೀ ಮನರಂಜನೆಯಾಗಿ ಉಳಿಯುವುದು ಕಷ್ಟ.

ಈಗ ಇನ್ನೊಂದು ಕಡೆಯವರ ಮಾತು. ಅಮೆರಿಕದ ಕ್ಯಾರಲ್ ಕ್ಲೋವರ್ ಮಧ್ಯಯುಗದ ಸ್ಕ್ಯಾಂಡಿನೇವಿಯನ್ ಸಾಹಿತ್ಯದ ವಿದ್ವಾಂಸೆ. ಅವರು ಅಗ್ಗದ ಸ್ಲ್ಯಾಷರ್ ಚಿತ್ರಗಳನ್ನು ಕೂತು ನೋಡಿ, 1987ರಲ್ಲಿ ಒಂದು ಲೇಖನ, 1992ರಲ್ಲಿ ಒಂದು ಪುಸ್ತಕ ಬರೆದರು. ಅವರು ಗಮನಿಸಿದ್ದು ಸರಳ: ಕೊನೆಗೆ ಬದುಕುಳಿಯುವವಳು ಒಬ್ಬ ಹುಡುಗಿ. ಎಚ್ಚರದವಳು, ಗೆಳತಿಯರಷ್ಟು ಮೋಜಿಗೆ ಬೀಳದವಳು, ಕೊಲೆಗಾರನನ್ನು ನೇರ ಕಣ್ಣಲ್ಲಿ ನೋಡಿ ಕೈಗೆ ಸಿಕ್ಕ ಆಯುಧದಿಂದ ತಿರುಗಿ ಹೊಡೆಯುವವಳು. ಕ್ಲೋವರ್ ಅವಳಿಗೆ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟರು. ಸಿನಿಮಾದ ಮೊದಲರ್ಧದಲ್ಲಿ ಕೊಲೆಗಾರನ ಕಣ್ಣಾಗಿದ್ದ ಕ್ಯಾಮೆರಾ ಕೊನೆಗೆ ಇವಳ ಕಣ್ಣಾಗುತ್ತದೆ, ಥಿಯೇಟರಿನಲ್ಲಿ ಕೂತ ಹದಿಹರೆಯದ ಹುಡುಗರು ಹುಡುಗಿಯೊಬ್ಬಳ ಭಯವನ್ನು ತಮ್ಮದಾಗಿಸಿಕೊಂಡು ಅವಳ ಪರ ಶಿಳ್ಳೆ ಹಾಕುತ್ತಾರೆ ಎಂಬುದು ಅವರ ಮುಖ್ಯ ಮಾತು. ಈ ಹೆಸರು ಆಮೇಲೆ ಟೀಶರ್ಟುಗಳ ಮೇಲೆಲ್ಲ ಬಂದು ಪ್ರಶಸ್ತಿಯಂತಾಯಿತು. ಕ್ಲೋವರ್ ಮಾತ್ರ ಅವಳನ್ನು ಸ್ತ್ರೀವಾದದ ವೀರವನಿತೆ ಎನ್ನಲು ಒಪ್ಪಿರಲಿಲ್ಲ. ಹುಡುಗರು ತಮ್ಮ ಹೆದರಿಕೆಯನ್ನು ನಾಚಿಕೆಯಿಲ್ಲದೆ ಅನುಭವಿಸಲು ತೊಟ್ಟುಕೊಂಡ ವೇಷ ಅವಳು ಎಂಬ ಅನುಮಾನ ಅವರ ಬರಹದಲ್ಲೇ ಇದೆ. ಅವರನ್ನು ಉಲ್ಲೇಖಿಸುವ ಅರ್ಧ ಜನ ಆ ಅರ್ಧವನ್ನು ಓದಿದಂತಿಲ್ಲ.

1993ರಲ್ಲಿ, ‘ಮಣಿಚಿತ್ರತ್ತಾಳ್’ ತೆರೆಕಂಡ ವರ್ಷವೇ, ಆಸ್ಟ್ರೇಲಿಯಾದ ಬಾರ್ಬರಾ ಕ್ರೀಡ್ ಇನ್ನೂ ಮುಂದೆ ಹೋದರು. ಹಾರರ್‌ನಲ್ಲಿ ಹೆಣ್ಣು ಬಲಿಪಶು ಮಾತ್ರ ಎಂದು ನೋಡುವುದೇ ತಪ್ಪು. ‘ದಿ ಎಕ್ಸಾರ್ಸಿಸ್ಟ್’ (1973), ‘ಕ್ಯಾರಿ’ (1976), ‘ಏಲಿಯನ್’ (1979) ಇವುಗಳಲ್ಲಿ ಭಯ ಹುಟ್ಟಿಸುವುದು ಹೆಣ್ಣಿನ ದೇಹವೇ – ಮುಟ್ಟು, ಬಸಿರು, ಹೆರಿಗೆ, ತಾಯ್ತನ. ಗಂಡಿಗೆ ಅವಳು ಸೋತವಳಾಗಿ ಭಯ ಹುಟ್ಟಿಸುವುದಿಲ್ಲ, ಬಲವುಳ್ಳವಳಾಗಿ ಹುಟ್ಟಿಸುತ್ತಾಳೆ ಎಂಬುದು ಅವರ ವಾದದ ತಿರುಳು. ಇದನ್ನು ಮೆಚ್ಚುಗೆ ಎನ್ನಬೇಕೋ ಅವಮಾನ ಎನ್ನಬೇಕೋ ಎಂದು ಇಂದಿಗೂ ಜಗಳವಿದೆ. ಮುಟ್ಟಾದವಳನ್ನು ಹೊರಗೆ ಕೂರಿಸುವ ಮನೆಗಳ ನಡುವೆ ಬೆಳೆದವರಿಗೆ ‘ನಿನ್ನಲ್ಲಿ ಭಯಂಕರ ಶಕ್ತಿಯಿದೆ’ ಎಂಬ ಮಾತಿನ ಇನ್ನೊಂದು ಮುಖ ಗೊತ್ತೇ ಇರುತ್ತದೆ.

ನಮ್ಮ ಕಥೆಗಳಿಗೆ ಹೆಚ್ಚು ಹತ್ತಿರ ಬರುವುದು ಸಿನಿಮಾದವರಲ್ಲದ ಒಬ್ಬರ ಮಾತು. ಸೊಮಾಲಿಯಾದಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಐ. ಎಂ. ಲೂಯಿಸ್ 1971ರ ತಮ್ಮ ಪುಸ್ತಕದಲ್ಲಿ, ಹೆಣ್ಣುಮಕ್ಕಳ ಮೈಮೇಲೆ ದೆವ್ವ ಬರುವುದು ಬಳಸುದಾರಿಯ ಪ್ರತಿಭಟನೆ ಎಂದು ವಿವರಿಸಿದರು. ನೇರವಾಗಿ ಕೇಳಿದರೆ ಸಿಗದ ಸೀರೆ, ಊಟ, ಗಂಡನ ಗಮನ ಇವನ್ನೆಲ್ಲ ದೆವ್ವದ ಬಾಯಲ್ಲಿ ಕೇಳಬಹುದು. ಕೇಳಿದವಳು ತಾನಲ್ಲವಾದ್ದರಿಂದ ಶಿಕ್ಷೆಯೂ ಇಲ್ಲ. ನಮ್ಮೂರುಗಳಲ್ಲಿ ಮೈಮೇಲೆ ಬಂದಾಗ ಅತ್ತೆಯನ್ನು ಏಕವಚನದಲ್ಲಿ ಗದರಿಸಿದ ಸೊಸೆಯಂದಿರ ಕಥೆ ಕೇಳದವರು ಕಡಿಮೆ. ಲೂಯಿಸ್ ವಾದಕ್ಕೂ ಟೀಕೆ ಬಂದಿದೆ. ಭಕ್ತಿಯಿಂದ, ನಂಬಿಕೆಯಿಂದ ಬರುವುದನ್ನೆಲ್ಲ ಜಾಣತನದ ಲೆಕ್ಕಾಚಾರಕ್ಕೆ ಇಳಿಸಿಬಿಟ್ಟರು ಎಂದು. ಆದರೂ ಗಂಗಾಳನ್ನು ಅರ್ಥ ಮಾಡಿಕೊಳ್ಳಲು ಅದು ಒಳ್ಳೆಯ ದೀಪ.

‘ಮಣಿಚಿತ್ರತ್ತಾಳ್’ನ ಗಂಗಾಳ ಬಾಲ್ಯ ನೆನಪಿಸಿಕೊಳ್ಳಿ. ಅಪ್ಪ-ಅಮ್ಮ ಕಲ್ಕತ್ತೆಯಲ್ಲಿ, ಮಗು ಹಳ್ಳಿಯಲ್ಲಿ ಅಜ್ಜಿಯ ಜೊತೆ. ಮದುವೆಯಾದ ಮೇಲೆ ಗಂಡ ನಕುಲನ್ ಒಳ್ಳೆಯವನೇ, ಕೆಲಸದಲ್ಲಿ ಮುಳುಗಿದವನು. ಹಳೆಯ ಮನೆಯ ಬೀಗ ಹಾಕಿದ ಕೋಣೆಯಲ್ಲಿ ಸಿಕ್ಕ ನಾಗವಲ್ಲಿಯ ಚಿತ್ರ, ಒಡವೆ, ಪ್ರೇಮಪತ್ರಗಳ ಜೊತೆ ಅವಳು ಹಗಲುಗಳನ್ನು ಕಳೆಯುತ್ತಾಳೆ. ಚಿತ್ರದ ಅತಿ ಪ್ರಸಿದ್ಧ ದೃಶ್ಯದಲ್ಲಿ ಗಂಗಾ ಮನೆಯ ಹುಡುಗಿಯ ಜೊತೆ ಒಡವೆ ಕೊಳ್ಳಲು ಹೊರಟಿರುತ್ತಾಳೆ. ವೈದ್ಯನ ಸೂಚನೆಯಂತೆ ಗಂಡ ಹೇಳುತ್ತಾನೆ, ಈಗ ಹೋಗಬೇಡ. ಅಷ್ಟೇ ಮಾತು. ಮುಖ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ, ಮಂಚವನ್ನು ಒಂದು ಕೈಯಲ್ಲಿ ಎತ್ತಿ ಕುಕ್ಕುತ್ತಾಳೆ. ಮರು ಅವತರಣಿಕೆಗಳೂ ಈ ದೃಶ್ಯವನ್ನು ಬಿಡಲಿಲ್ಲ. ದೆವ್ವವನ್ನು ಎಬ್ಬಿಸುವುದು ಅಮಾವಾಸ್ಯೆಯಲ್ಲ, ಮಾಟವಲ್ಲ. ಗಂಡ ಆಡಿದ ‘ಹೋಗಬೇಡ’. ದಿನಕ್ಕೆ ಹತ್ತು ಸಲ ಈ ಮಾತು ಕೇಳಿ ‘ಆಯ್ತು’ ಎನ್ನುವ ಹೆಂಗಸರು ತುಂಬಿದ ಥಿಯೇಟರಿನಲ್ಲಿ ಆ ಮಂಚ ಮೇಲೇಳುವಾಗ ಆಗುವುದನ್ನು ಬರೀ ಹೆದರಿಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹಾರರ್ ನೋಡುವ ಹೆಂಗಸರು ಭಯದ ಜೊತೆಗೆ ಸುಖವನ್ನೂ ಪಡುತ್ತಾರೆ, ಅದನ್ನು ತಮ್ಮ ವಿರುದ್ಧದ ಸಂಚು ಎಂದು ತಳ್ಳಿಹಾಕಬಾರದು ಎಂದು 1997ರಲ್ಲಿ ಇಸಬೆಲ್ ಪಿನೆಡೊ ವಾದಿಸಿದ್ದು ಇಂಥ ಕ್ಷಣಗಳ ಬಗ್ಗೆಯೇ.

ಆ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಂಗಾಳ ಮಲಯಾಳಂ ದನಿ ಭಾಗ್ಯಲಕ್ಷ್ಮಿಯವರದು. ನಾಗವಲ್ಲಿಯ ತಮಿಳು ದನಿ ದುರ್ಗಾ ಎಂಬ ಇನ್ನೊಬ್ಬ ಕಲಾವಿದೆಯದು. ಎರಡೂ ದನಿ ಒಬ್ಬರದೇ ಎಂಬ ನಂಬಿಕೆ ಎರಡು ದಶಕಕ್ಕೂ ಮೀರಿ ನಡೆಯಿತು, 2016ರಲ್ಲಿ ಫಾಸಿಲ್ ಅವರೇ ಬಿಡಿಸಿ ಹೇಳುವವರೆಗೂ. ದೆವ್ವದ ಗಂಟಲು ಯಾರದೆಂದು ವಿಚಾರಿಸುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಕನ್ನಡದಲ್ಲಿ ನಾಗವಲ್ಲಿಯಾದ ಸೌಂದರ್ಯಾ ಅವರು 2004ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಜಕ್ಕೂರಿನ ಬಳಿ ವಿಮಾನ ದುರಂತದಲ್ಲಿ ತೀರಿಕೊಂಡರು, ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ‘ಆಪ್ತಮಿತ್ರ’ವನ್ನು ಆಗ ನೋಡಿದವರಿಗೆ ಆ ಕಣ್ಣುಗಳು ಬೇರೆಯದೇ ರೀತಿಯಲ್ಲಿ ನಾಟಿದ್ದರಲ್ಲಿ ಆಶ್ಚರ್ಯವಿಲ್ಲ.

ಗಂಗಾಳಿಗೆ ಚಿಕಿತ್ಸೆ ಕೊಡುವ ಭಾಗಕ್ಕೆ ಬಂದರೆ ತಕ್ಕಡಿ ಮತ್ತೆ ವಾಲುತ್ತದೆ. ವೈದ್ಯ, ಮಂತ್ರವಾದಿ, ಗಂಡ – ಮೂವರು ಗಂಡಸರು ಸೇರಿ ನಿರ್ಧರಿಸುತ್ತಾರೆ. ಅವಳಿಗೆ ತಿಳಿಯದಂತೆ ಅವಳ ಎದುರು ಒಂದು ಗೊಂಬೆಯನ್ನು ಇಡಲಾಗುತ್ತದೆ. ತನ್ನನ್ನು ಕೊಂದ ಒಡೆಯನೇ ಎಂದು ಅವಳು ಅದನ್ನು ಕಡಿಯುತ್ತಾಳೆ. ನಾಗವಲ್ಲಿಗೆ ಸಿಕ್ಕ ನ್ಯಾಯ ಬೊಂಬೆಯ ಮೇಲಿನ ನ್ಯಾಯ. ಇನ್ನೊಂದೆಡೆ, ಅವಳ ದೂರನ್ನು ಚಿತ್ರ ಸುಳ್ಳು ಎನ್ನುವುದಿಲ್ಲ ಎಂಬುದೂ ನಿಜ. ಹೊಡೆದು ಓಡಿಸದೆ, ಅವಳ ಸೇಡನ್ನು ಆಡಿ ಮುಗಿಸಲು ಬಿಟ್ಟು ಗುಣಪಡಿಸುವ ಯೋಚನೆ ಆ ಕಾಲದ ದೆವ್ವದ ಚಿತ್ರಗಳ ನಡುವೆ ಬಹಳ ಮಾನವೀಯವಾದದ್ದು. ಕನ್ನಡಕ್ಕೆ ಬರುವಾಗ ಸಮತೋಲ ಇನ್ನಷ್ಟು ಜಾರಿತು. ಚಿತ್ರದ ಹೆಸರೇ ವೈದ್ಯನ ಪಾಲಾಯಿತು. 2010ರ ‘ಆಪ್ತರಕ್ಷಕ’ ಬರುವ ಹೊತ್ತಿಗೆ ಜನ ಅನುಕರಿಸುತ್ತಿದ್ದುದು ನಾಗವಲ್ಲಿಯನ್ನು ಕೊಂದ ರಾಜನ ‘ಹೌಲಾ ಹೌಲಾ’ವನ್ನು. ವಿಷ್ಣುವರ್ಧನ್ ಅವರ ಗತ್ತು ಹಾಗಿತ್ತು ಎನ್ನುವುದನ್ನು ಒಪ್ಪೋಣ. ಕೊಲೆಗಾರನೊಬ್ಬ ಹೀಗೆ ಅಕ್ಕರೆಯ ಪಾತ್ರವಾದದ್ದನ್ನೂ ಒಪ್ಪಬೇಕು.

ಇಷ್ಟೆಲ್ಲ ವಾದಗಳಲ್ಲಿ ಒಬ್ಬಳು ಯಾರ ಕಣ್ಣಿಗೂ ಬೀಳದೆ ಉಳಿಯುತ್ತಾಳೆ. ಅವಳು ಶ್ರೀದೇವಿ. ಮಲಯಾಳಂನಲ್ಲಿ ಆ ಪಾತ್ರ ಮಾಡಿದವರು ನಮ್ಮ ವಿನಯಾ ಪ್ರಸಾದ್. ಜಾತಕದಲ್ಲಿ ಕುಜದೋಷ, ಮುರಿದ ದಾಂಪತ್ಯ, ತವರಿನಲ್ಲಿ ವಾಸ. ಮನೆಯಲ್ಲಿ ಏನೇ ಒಡೆದರೂ ಹೊತ್ತಿ ಉರಿದರೂ ಅನುಮಾನ ಅವಳ ಮೇಲೆ. ಗಂಡ ಬಿಟ್ಟವಳಿಗೆ ಹೊಟ್ಟೆಕಿಚ್ಚು ಇದ್ದೇ ಇರುತ್ತದೆ ಎಂಬುದು ಆ ಮನೆಗೆ ಸಾಕ್ಷಿ ಬೇಡದ ಸತ್ಯ. ವೈದ್ಯನಿಗೆ ನಿಜವಾದ ರೋಗಿ ಯಾರೆಂದು ಗೊತ್ತು. ಆದರೂ ಗುಟ್ಟು ಕಾಯಲು ಶ್ರೀದೇವಿಯೇ ಹುಚ್ಚಿ ಎಂದು ಎಲ್ಲರೂ ನಂಬುವಂತೆ ಬಿಡುತ್ತಾನೆ; ಅವಳನ್ನು ಕೋಣೆಯಲ್ಲಿ ಕೂಡಿಹಾಕುವುದೂ ನಡೆಯುತ್ತದೆ. ಕೊನೆಗೆ ಅವಳಿಗೆ ಸಿಗುವ ಪರಿಹಾರ, ಮದುವೆಯ ಪ್ರಸ್ತಾಪದೊಂದಿಗೆ ಬರುತ್ತೇನೆಂಬ ವೈದ್ಯನ ಭರವಸೆ. ಪ್ರೇಕ್ಷಕರೂ ಖುಷಿಪಡುತ್ತಾರೆ, ವೈದ್ಯನಾಗಿರುವುದು ಮೋಹನ್‌ಲಾಲ್ ಅಲ್ಲವೇ! ಆ ಮನೆಯಲ್ಲಿ ಸಿಟ್ಟಾಗಲು ಶ್ರೀದೇವಿಗಿಂತ ಹೆಚ್ಚು ಕಾರಣ ಯಾರಿಗೂ ಇಲ್ಲ. ಅವಳಿಗೆ ಬುದ್ಧಿ ಸರಿಯಿದೆ, ಅದೇ ತೊಂದರೆ. ಮಂಚ ಎತ್ತುವ ಹಕ್ಕು ತನ್ನ ಅರಿವಿನಲ್ಲಿ ಇಲ್ಲದವಳಿಗೆ ಮಾತ್ರ.

ಹಾರರ್ ಹೆಣ್ಣನ್ನು ಹೇಗೆ ತೋರಿಸುತ್ತದೆ ಎಂದು ತೂಗುವಾಗ ನಾವು ದೆವ್ವವಾದವಳನ್ನೋ ಬಲಿಯಾದವಳನ್ನೋ ನೋಡುತ್ತೇವೆ. ನನಗನ್ನಿಸುವಂತೆ ನೋಡಬೇಕಾದ್ದು ಈ ಮೂರನೆಯವಳನ್ನು: ಸ್ವಸ್ಥಳಾಗಿದ್ದು, ದೂರೂ ಇರುವವಳನ್ನು. ಅವಳಿಗೆ ಸಿನಿಮಾ ಬಾಯಿ ಕೊಡುತ್ತದೆಯೇ?

ಪಶ್ಚಿಮದ ಫೈನಲ್ ಗರ್ಲ್ ಈ ಪ್ರಶ್ನೆಗೆ ಅರ್ಧ ಉತ್ತರ. ‘ಹ್ಯಾಲೋವೀನ್’ (1978) ಚಿತ್ರದ ಲಾರಿ ಪೂರ್ಣ ಎಚ್ಚರದಲ್ಲೇ ತಿರುಗಿ ಹೊಡೆಯುತ್ತಾಳೆ. ಆ ಚಿತ್ರವನ್ನು ಜಾನ್ ಕಾರ್ಪೆಂಟರ್ ಜೊತೆ ಬರೆದು ನಿರ್ಮಿಸಿದವರು ಡೆಬ್ರಾ ಹಿಲ್. ಹುಡುಗಿಯರ ನಡುವಿನ ಮಾತುಕತೆ ಅಷ್ಟು ಸಹಜವಾಗಿರುವುದು ಅವರ ಲೇಖನಿಯಿಂದ. ಗೆಳೆಯರ ಜೊತೆ ಮಲಗಿದ ಹುಡುಗಿಯರು ಸತ್ತು ಲಾರಿ ಬದುಕಿದ್ದು ಶೀಲದ ಪಾಠವೆಂದು ಟೀಕಾಕಾರರು ಓದಿದರು. ತಾನು ನೀತಿಬೋಧೆ ಮಾಡಿಲ್ಲವೆಂದು ಕಾರ್ಪೆಂಟರ್ ಹೇಳುತ್ತ ಬಂದರು. ನನಗೆ ಇಬ್ಬರೂ ಸರಿ ಎನಿಸುತ್ತದೆ: ಅವರು ಪಾಠ ಹೇಳಲು ಹೊರಟಿರಲಿಕ್ಕಿಲ್ಲ, ಅವರನ್ನು ನಕಲು ಮಾಡಿದ ನೂರು ಚಿತ್ರಗಳು ಅದನ್ನು ಪಾಠವಾಗಿಸಿದವು. ‘ಏಲಿಯನ್’ನ ಪಾತ್ರಗಳನ್ನು ಗಂಡು, ಹೆಣ್ಣು ಎಂದು ನಿಗದಿ ಮಾಡದೆ ಬರೆಯಲಾಗಿತ್ತು, ಅದರಿಂದ ರಿಪ್ಲಿಯಂಥ, ನಿಯಮ ಗೊತ್ತಿರುವ, ಗಂಡಸರು ಮಾತಿಗೆ ಕಿವಿಗೊಡದ ಅಧಿಕಾರಿ ಸಿಕ್ಕಳು. ಕೊನೆಯ ದೃಶ್ಯದಲ್ಲಿ ಅವಳನ್ನು ಒಳಉಡುಪಿನಲ್ಲಿ ನಿಲ್ಲಿಸುವುದನ್ನು ಮಾತ್ರ ಚಿತ್ರ ಬಿಡಲಿಲ್ಲ. ಸ್ತ್ರೀವಾದಿ ಲೇಖಕಿ ರೀಟಾ ಮೇ ಬ್ರೌನ್ 1982ರ ‘ದಿ ಸ್ಲಂಬರ್ ಪಾರ್ಟಿ ಮಸಾಕರ್’ ಅನ್ನು ಅಣಕವೆಂದೇ ಬರೆದರು, ನಿರ್ದೇಶಕಿಯೂ ಹೆಣ್ಣೇ; ಮಾರುಕಟ್ಟೆ ಅದನ್ನು ಅಣಕಿಸಿದ ಸರಕಿನ ಜೊತೆಗೇ ಇಟ್ಟು ಮಾರಿತು. ಹೆಣ್ಣೊಬ್ಬಳು ಕ್ಯಾಮೆರಾ ಹಿಂದೆ ನಿಂತರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿಗೆ ಇದು ಒಳ್ಳೆಯ ಎಚ್ಚರಿಕೆ. ಒಂದು ಮಾತು ಒಪ್ಪಬೇಕು: ಈ ಹುಡುಗಿಯರ ಸಿಟ್ಟು ಜೀವ ಉಳಿಸಿಕೊಳ್ಳುವ ಸಿಟ್ಟು. ಚಾಕು ಹಿಡಿದವನು ಎದುರಿಗಿದ್ದಾಗ ಮಾತ್ರ ಅದಕ್ಕೆ ಅನುಮತಿ.

2020ರಲ್ಲಿ ಅನ್ವಿತಾ ದತ್ ನಿರ್ದೇಶಿಸಿದ ‘ಬುಲ್‌ಬುಲ್’ ಇದೇ ಚರ್ಚೆಯನ್ನು ನಮ್ಮ ನೆಲಕ್ಕೆ ತಂದಿತು. ಹತ್ತೊಂಬತ್ತನೆಯ ಶತಮಾನದ ಬಂಗಾಳದ ಜಮೀನ್ದಾರರ ಮನೆ, ಬಾಲ್ಯವಿವಾಹ, ಗಂಡನಿಂದ ಮುರಿದ ಪಾದಗಳು, ಮೈದುನನಿಂದ ಅತ್ಯಾಚಾರ. ಆಮೇಲೆ ಪಾದ ಹಿಂದುಮುಂದಾದ ಚುಡೈಲ್. ದೆವ್ವದ ತಿರುಗುಪಾದಗಳಿಗೆ ಒಂದು ಚರಿತ್ರೆ ಕೊಟ್ಟದ್ದು ಆ ಚಿತ್ರದ ಜಾಣ್ಮೆ. ಆದರೆ ಹಿಂಸೆಯ ದೃಶ್ಯವನ್ನು ಕೆಂಪು ಬೆಳಕಿನಲ್ಲಿ, ನಿಧಾನಗತಿಯಲ್ಲಿ, ಸಂಗೀತ ಹಾಕಿ ತೋರಿಸಿದ್ದನ್ನು ಹಲವರು ಸಹಿಸಲಿಲ್ಲ, ನಾನೂ ಸಹಿಸಲಿಲ್ಲ. ನನ್ನ ಮೂರನೆಯವಳನ್ನು ಹುಡುಕಿದರೆ ಅಲ್ಲಿ ಬಿನೋದಿನಿ ಸಿಗುತ್ತಾಳೆ. ಮಾನಸಿಕ ಅಸ್ವಸ್ಥನಿಗೆ ಕಟ್ಟಿಹಾಕಲ್ಪಟ್ಟ ವಾರಗಿತ್ತಿ, ನೋವುಂಡವಳ ಗಾಯ ಒರೆಸುತ್ತಲೇ ಬಾಯಿ ಮುಚ್ಚಿಕೊಂಡಿರು ಎಂದು ಬುದ್ಧಿ ಹೇಳುವವಳು. ಆ ದೃಶ್ಯ ಇಡೀ ಚಿತ್ರದ ಅತಿ ಭಯಾನಕ ದೃಶ್ಯ, ಅದರಲ್ಲಿ ದೆವ್ವವಿಲ್ಲ. ಸ್ವಸ್ಥ ಹೆಣ್ಣಿನ ಸಿಟ್ಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅನ್ವಿತಾ ನೋಡಿದ್ದಾರೆ. ಅದು ಇನ್ನೊಬ್ಬ ಹೆಣ್ಣಿನ ಮೇಲೆ ಹೋಗುತ್ತದೆ.

‘ಸ್ತ್ರೀ’ (2018) ಬಗ್ಗೆ ನಾವು ಕನ್ನಡಿಗರು ಸ್ವಲ್ಪ ಹಕ್ಕಿನಿಂದ ಮಾತಾಡಬಹುದು. ತೊಂಬತ್ತರ ದಶಕದ ಬೆಂಗಳೂರಿನಲ್ಲಿ ರಾತ್ರಿ ಬಾಗಿಲು ತಟ್ಟುವ ಹೆಣ್ಣುದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಸುದ್ದಿಯೇ ಮಧ್ಯಪ್ರದೇಶದ ಚಂದೇರಿಗೆ ಹೋಗಿ ಸಿನಿಮಾವಾಯಿತು. ಗಂಡಸರು ಕತ್ತಲಾದ ಮೇಲೆ ಒಬ್ಬರೇ ಹೊರಡಲು ಹೆದರಿ, ಸೀರೆ ಉಟ್ಟು ಓಡಾಡುವ ತಿರುಗುಮುರುಗು ಹಾಸ್ಯ ಚೆನ್ನಾಗಿದೆ. ದೆವ್ವ ಬೇಡುವುದು ರಕ್ತವನ್ನಲ್ಲ, ಗೌರವವನ್ನು ಎಂಬುದೂ ಚೆನ್ನಾಗಿದೆ. ಆದರೆ ಇಡೀ ಚಿತ್ರದಲ್ಲಿ ಬದುಕಿರುವ ನಾಯಕಿಗೆ ಹೆಸರೇ ಇಲ್ಲ. ದೆವ್ವಕ್ಕೆ ಕೊನೆಗೆ ಊರಿನ ನಡುವೆ ಪ್ರತಿಮೆ ಎದ್ದಿತು. ಅದರ ಕೆಳಗೆ ಅವಳನ್ನು ಕೇಳಿಕೊಂಡದ್ದು ‘ನಮ್ಮನ್ನು ಕಾಪಾಡು’ ಎಂದು. ಗೌರವ ಕೊಟ್ಟ ಕೂಡಲೇ ಕೆಲಸವನ್ನೂ ಹಚ್ಚಿದ್ದಾರೆ.

ಈ ದಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಪವನ್ ಕುಮಾರ್ ಅವರ ‘ಯೂ ಟರ್ನ್’ (2016). ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಬೈಕಿನವರು ಸುತ್ತಿ ಬರುವ ಕಷ್ಟ ತಪ್ಪಿಸಲು ವಿಭಜಕದ ಕಲ್ಲನ್ನು ಸರಿಸಿ ತಿರುಗುತ್ತಾರೆ. ಆ ಕಲ್ಲಿಗೆ ಸಿಕ್ಕಿ ತಾಯಿ-ಮಗು ಸತ್ತಿದ್ದಾರೆ. ಮಾಯಾ ಎಂಬ ಆ ಹೆಣ್ಣಿನ ದೂರಿನಲ್ಲಿ ಪ್ರೇಮಭಂಗವಿಲ್ಲ, ಅತ್ಯಾಚಾರವಿಲ್ಲ, ಕುಣಿತವಿಲ್ಲ. ಸಂಚಾರ ನಿಯಮ ಮುರಿದವರ ಮೇಲೆ ಅವಳ ಸಿಟ್ಟು – ಒಬ್ಬ ನಾಗರಿಕಳ ಸಿಟ್ಟು. ಅವಳ ಹಾಗೆ ದೇಹವನ್ನು ಬದಿಗಿಟ್ಟು ದೂರು ಕೊಟ್ಟ ಹೆಣ್ಣುದೆವ್ವ ನಮ್ಮ ಸಿನಿಮಾದಲ್ಲಿ ಅಪರೂಪ. ಆ ದೂರಿನ ಬೆನ್ನು ಹತ್ತುವವಳು ಶ್ರದ್ಧಾ ಶ್ರೀನಾಥ್ ಮಾಡಿದ ಪತ್ರಕರ್ತೆ ರಚನಾ: ಪೂರ್ತಿ ಸ್ವಸ್ಥ, ಹಟಮಾರಿ, ಪೊಲೀಸರ ಅನುಮಾನ ಎದುರಿಸಿಯೂ ಪ್ರಶ್ನೆ ಬಿಡದವಳು. ಆ ಕಲ್ಲು ಸರಿಸಿದವನು ಮಾಯಾಳ ಸ್ವಂತ ಗಂಡ ಎಂಬುದು ಕೊನೆಗೆ ತಿಳಿಯುತ್ತದೆ. ಅವನನ್ನು ಅವಳು ಕೊಲ್ಲುವುದಿಲ್ಲ, ಆ ತಿಳಿವಳಿಕೆಯ ಜೊತೆ ಬದುಕಲು ಬಿಡುತ್ತಾಳೆ. ಒಳ್ಳೆಯ ತಾಯಿ ಎಂಬ ಹಳೆಯ ಅಚ್ಚಿನಿಂದ ಮಾಯಾ ಪೂರ್ತಿ ಹೊರಗೆ ಬಂದಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ತಳ್ಳಿಹಾಕಲಾರೆ. ಆದರೂ ಇಲ್ಲಿ ಸತ್ತವಳ ಸಿಟ್ಟು ಬದುಕಿರುವವಳ ಕೆಲಸವಾಗಿ ಮುಂದುವರಿಯುತ್ತದೆ. ತಾಯತ ಕಟ್ಟಿದ ಕೂಡಲೇ ಮುಗಿಯುವುದಿಲ್ಲ.

2025ರಲ್ಲಿ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ ನೋಡಿ ಊರಿಗೆ ಊರೇ ನಕ್ಕಿತು. ಅಶೋಕ ಎಂಬ ಯುವಕ ಹೆಣ್ಣೊಬ್ಬಳ ಬಚ್ಚಲುಮನೆಗೆ ಇಣುಕಲು ಹೋಗಿ ಸಿಕ್ಕಿಬೀಳುತ್ತಾನೆ. ಪಾರಾಗಲು ತನ್ನ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ದೆವ್ವದ ಹೆಸರು ಸುಲೋಚನಾ, ಊರು ಸೋಮೇಶ್ವರ. ಇಣುಕಿದ ತಪ್ಪನ್ನು ಮುಚ್ಚಲು ಒಬ್ಬ ಸತ್ತ ಹೆಣ್ಣಿನ ಹೆಸರು ಸಾಕು ಎಂಬುದನ್ನು ಚಿತ್ರ ನಗಿಸುತ್ತಲೇ ಹೇಳಿಬಿಡುತ್ತದೆ, ‘ಸೈಕೋ’ದ ಗೋಡೆಯ ತೂತಿಗೆ ಕರಾವಳಿಯವರು ಕೊಟ್ಟ ಉತ್ತರದ ಹಾಗೆ. ಇದು ಬಹುಪಾಲು ಗಂಡಸರ ಚಿತ್ರ. ಹೆಂಗಸರು ಅಂಚಿನಲ್ಲಿದ್ದಾರೆ ಎಂಬ ದೂರು ನ್ಯಾಯವಾದದ್ದೇ. ಆದರೆ ಗಂಡಸರ ಮೂರ್ಖತನವನ್ನು ಇಷ್ಟು ಹತ್ತಿರದಿಂದ ನೋಡಿದ ಚಿತ್ರವೂ ಇತ್ತೀಚೆಗೆ ಬಂದಿರಲಿಲ್ಲ. ಸುಲೋಚನಾಳಿಗೆ ಮಗಳೊಬ್ಬಳಿದ್ದಾಳೆ, ಭಾನು. ಅವಳ ಕಷ್ಟ ನಿಜವಾದದ್ದು, ಅವಳಿಗೆ ಬುದ್ಧಿಯೂ ಸರಿಯಿದೆ, ಬಾಯಿಯೂ ಇದೆ. ಅವಳ ಪಾಡು ಊರಿನ ಕಿವಿಗೆ ಮುಟ್ಟುವುದು ಮಾತ್ರ ಗಂಡಸೊಬ್ಬ ಹೇಳಿದ ದೆವ್ವದ ಸುಳ್ಳಿನ ದಾರಿಯಲ್ಲೇ. ಊರಿನವರು ಕೊನೆಗೆ ಕಿವಿಗೊಟ್ಟದ್ದು ಸತ್ತ ಸುಲೋಚನಾಳ ಭಯಕ್ಕೋ ಬದುಕಿರುವ ಭಾನುವಿನ ಮಾತಿಗೋ ಎಂದು ಚಿತ್ರ ಬಿಡಿಸಿ ಹೇಳುವುದಿಲ್ಲ. ನನಗೆ ಮೊದಲನೆಯದೇ ಎನ್ನಿಸಿತು.